ಒಳಮಗ್ಗುಲಿನ ಹೆಸರು

"ಸೂಜಿಗೆ ದಾರ ಪೋಣಿಸಾಕ ಬರಂಗಿಲ್ಲ, ಕಾರ್ಖಾನಿ ನಡಸ್ತಾಳಂತ!" ಗಂಡ ತೀರಿಕೊಂಡ ವಾರದಲ್ಲೇ ಭಾವ ಇಡೀ ಚಾಳಿಗೆ ಕೇಳುವಂತೆ ಅಂದಿದ್ದರು. ಆಗ ಧಾರಾವಿಯಲ್ಲಿ ನನಗಿದ್ದುದು ಒಂದು ಹೊಲಿಗೆ ಮಷಿನ್ನು, ಗಂಡ ಅರ್ಧಕ್ಕೆ ಬಿಟ್ಟ ಒಂದು ಕಾರಿನ ಸೀಟು. ಉಳಿದರ್ಧ ನಾನೇ ಹೊಲಿದೆ. ಓದಲು ಕಲಿತದ್ದೂ ಆಮೇಲೆಯೇ: ಕನ್ನಡವನ್ನು ಮಾಟುಂಗದ ಹೋಟೆಲಿನ ರದ್ದಿ ಪೇಪರಿನಿಂದ, ಹಿಂದಿಯನ್ನು ಹಳೇ ಕಾರು ಪತ್ರಿಕೆಗಳಿಂದ.

ಈ ದಂಧೆಯಲ್ಲಿ ನಗುವ ಪ್ರಸಂಗಕ್ಕೆ ಬರವಿಲ್ಲ. ಜನ ಸೀಟಿನ ಮೇಲೆ ಕೂರುವುದಿಲ್ಲ, ಹೆಸರಿನ ಮೇಲೆ ಕೂರುತ್ತಾರೆ.

ಎರಡು ಕಪಾಟು

ನಮ್ಮ ಕೆಲಸವೆಲ್ಲ ಬರುತ್ತಿದ್ದುದು ಮುಲುಂಡಿನ ಒಬ್ಬ ಸೇಠರ ಕಾರು ಸಾಮಾನಿನ ಅಂಗಡಿಯಿಂದ. ನಾನು ಹೊಲಿದ ಚರ್ಮದ ಕವರುಗಳನ್ನು ಅವರು ಎರಡು ಕಪಾಟಿನಲ್ಲಿ ಇಡುತ್ತಿದ್ದರು. ಒಂದಕ್ಕೆ ಅಂಗಡಿಯ ಚೀಟಿ, ಇನ್ನೊಂದಕ್ಕೆ ಯಾವುದೋ ಇಟಲಿ ಹೆಸರಿನ ಚೀಟಿ. ಚರ್ಮ ಅದೇ, ದಾರ ಅದೇ, ಕೈ ನನ್ನದೇ.

ಒಮ್ಮೆ ನನ್ನೆದುರೇ ಒಬ್ಬ ಗಿರಾಕಿ ಮೊದಲಿನದನ್ನು ಚಿವುಟಿ "ಲೋಕಲ್ ಮಾಲು" ಅಂದರು. ಎರಡನೆಯದಕ್ಕೆ ಮೂಗು ಒತ್ತಿ ಕಣ್ಣು ಮುಚ್ಚಿದರು. "ಇದಪ್ಪಾ ಫಾರಿನ್ ವಾಸನೆ!"

"ಆ ವಾಸನೆ ಹೇಗಿರುತ್ತದೆ ಸಾಹೇಬರೇ?" ಅಂತ ಕೇಳಿದೆ.

"ಹೇಳಿದರೂ ನಿಮಗೆ ತಿಳಿಯಲ್ಲ, ಬಾಯೀ."

ಸೇಠ್ ಕಪಾಟಿನೊಳಗೆ ತಲೆ ಹಾಕಿ ನಕ್ಕರು. ಅವತ್ತಿನಿಂದ ಪ್ರತಿ ಕವರಿನ ಒಳಮಗ್ಗುಲಿಗೆ, ಸ್ಪಂಜಿಗೆ ತಾಗುವ ಕಡೆ, ಕನ್ನಡದಲ್ಲಿ ನನ್ನ ಹೆಸರು ಹೊಲಿಯತೊಡಗಿದೆ. ಸ್ಪಂಜೊಂದೇ ಅದನ್ನು ಓದುತ್ತಿತ್ತು.

ಸಿಗ್ನಲ್ಲಿನಲ್ಲಿ ಸಿಕ್ಕ ನೆಂಟ

ಮಾಟುಂಗದ ಡಾಕ್ಟರೊಬ್ಬರು, ಕರಾವಳಿಯವರು, ಸ್ಪೋರ್ಟ್ಸ್ ಕಾರು ಕೊಂಡರು. ಅದನ್ನು ಮಾಡಿದ ಕಂಪನಿ ಹೆಸರಾದದ್ದು ಟ್ಯಾಕ್ಸಿಗಳಿಂದ. ಶ್ರೀಮಂತರಿಗೆಂದು ಅದೇ ಕಂಪನಿ ಬೇರೆ ಹೆಸರಿನಲ್ಲೂ ಕಾರು ಮಾರುತ್ತದೆ. ಆದರೆ ತನ್ನ ಎಲ್ಲಕ್ಕಿಂತ ದೊಡ್ಡ ಸಾಹಸವಾದ ಈ ಕಾರಿಗೆ ಹಳೆಯ ಹೆಸರನ್ನೇ ಇಟ್ಟಿತ್ತು.

ಸಾಯನ್ ಸಿಗ್ನಲ್ಲಿನಲ್ಲಿ ಪಕ್ಕಕ್ಕೊಂದು ಟ್ಯಾಕ್ಸಿ ಬಂದು ನಿಂತಿತಂತೆ. ಅದರ ಡ್ರೈವರ್ ಡಾಕ್ಟರ ಬಾನೆಟ್ಟಿನ ಮುದ್ರೆ ನೋಡಿದ, ತನ್ನದನ್ನೂ ನೋಡಿದ, ಖುಷಿಯಿಂದ ತಲೆ ಹೊರಹಾಕಿದ: "ಸಾಬ್, ನಮ್ಮದೇ ಕಂಪನಿ! ಸಿಎನ್‌ಜಿ ಗ್ಯಾಸು ಹಾಕಿಸಿದ್ದೀರಾ?"

ಮರುದಿನವೇ ಡಾಕ್ಟರು ಅಂಗಡಿಗೆ ಬಂದರು. ಸೇಠ್ ನನ್ನನ್ನು ಕರೆಸಿದರು.

"ಸೀಟಿನ ಮೇಲೆ ಆ ದುಬಾರಿ ಹೆಸರಿನ ಮುದ್ರೆ ಹೊಲಿಯಿರಿ. ಕಂಪನಿಯವರೇ ಅದೇ ಹೆಸರಲ್ಲಿ ಮಾರಬೇಕಿತ್ತು," ಅಂದರು ಡಾಕ್ಟರು.

"ಯಾಕ್ರೀ ಡಾಕ್ಟ್ರೇ? ಟ್ಯಾಕ್ಸಿ ಮಾರಿ ಗಳಿಸಿದ್ದರಾಗ ಈ ಕಾರು ಮಾಡ್ಯಾರ. ದುಡಿಯೋ ಮನ್ಯಾಗ ಒಬ್ಬ ಚಲೋ ಮಗ ಹುಟ್ಟಿದ ಕೂಡ್ಲೇ ಶ್ರೀಮಂತ ಕಾಕಾನ ಮನಿಗೆ ದತ್ತಕ ಕೊಡಬೇಕೇನು?"

ಸೇಠ್ ಮೇಜಿನಡಿ ನನ್ನ ಕಾಲು ತುಳಿದರು. ನನ್ನ ಕೈಕೆಳಗೆ ನಾಲ್ವರು ಹೆಂಗಸರು, ನಾಲ್ಕು ಒಲೆ. ಹೊಲಿದುಕೊಟ್ಟೆ. ಹೊರಗೆ ಶ್ರೀಮಂತ ಕಾಕಾನ ಹೆಸರು, ಒಳಗೆ ಹಡೆದವ್ವನದು.

ಚರಂಡಿ ಕಲ್ಲು

ಮಳೆಗಾಲದಲ್ಲಿ ಆ ಕಾರಿಗೆ ನೀರು ನುಗ್ಗಿತು. ಒಣಗಿಸಲು ಕವರು ಬಿಚ್ಚಿದಾಗ ಡಾಕ್ಟರಿಗೆ ನನ್ನ ಹೆಸರು ಕಂಡಿತು. ಮುಂಬಯಿಯಲ್ಲಿ ಕನ್ನಡ ಓದಬಲ್ಲ ಗಿರಾಕಿಯೇ ನನ್ನ ಪಾಲಿಗೆ ಬರಬೇಕೇ! ಅವರು ಸೇಠ್‌ಗೆ ಫೋನ್ ಮಾಡಿದರು, ಸೇಠ್ ನನಗೆ ಮಾಡಿದರು: "ಒಂದು ಮಾಲಿಗೆ ಒಂದೇ ಹೆಸರು. ನಿನ್ನದನ್ನು ಕಿತ್ತುಹಾಕು, ಇಲ್ಲಾ ನಾಳೆಯಿಂದ ಕೆಲಸ ಇಲ್ಲ."

ಅದೇ ಸಂಜೆ ಡಾಕ್ಟರೇ ನಮ್ಮ ಗಲ್ಲಿಗೆ ಬಂದರು. ಕಾರಿನ ಹೊಟ್ಟೆ ಚರಂಡಿ ಕಲ್ಲಿಗೆ ಸಿಕ್ಕಿಕೊಂಡಿತು. ಗಲ್ಲಿಯೆಲ್ಲ ಸೇರಿ ಎತ್ತಿ ಬಿಡಿಸಿದೆವು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಡಾಕ್ಟರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಮೆಲ್ಲಗೆ ಅಂದರು: "ಸೀಟು ಮಾತ್ರ ಅದ್ಭುತ ಮಾರಾಯ್ರೆ. ನನ್ನ ಸ್ನೇಹಿತರಿಗೂ ಒಂದು ಸೆಟ್ ಬೇಕು. ನಿಮ್ಮ ಹೆಸರು ಮಾತ್ರ ಎಲ್ಲೂ ಬೇಡ."

"ಹೊರಗ ನನ್ನ ಹೆಸರೇ ಇರ್ತದ್ರೀ. ನಿಮಗ ಅಷ್ಟು ಆಸೆ ಇದ್ದರ ಆ ದುಬಾರಿ ಹೆಸರು ಒಳಗ ಹೊಲೀತೀನಿ."

ಡಾಕ್ಟರು ಕಾರನ್ನು ಹಿಮ್ಮುಖವಾಗಿ ಓಡಿಸಿಕೊಂಡು ಹೊರಟರು. ಅದೇ ಕಲ್ಲಿಗೆ ಮತ್ತೆ ಸಿಕ್ಕಿಕೊಂಡರು. ಮತ್ತೆ ಎತ್ತಿದೆವು.

ಬೋರ್ಡು

ನಾನು ಹೆಸರು ಕೀಳಲಿಲ್ಲ. ಸೇಠ್ ಹೇಳಿದಂತೆಯೇ ಮಾಡಿದರು. ಕೆಲಸವಿಲ್ಲದೆ ಇಬ್ಬರು ಹೆಂಗಸರು ಕಟ್ಟಡದ ಕೂಲಿಗೆ ಹೋದರು. ಉಳಿದ ಇಬ್ಬರನ್ನು ಕಟ್ಟಿಕೊಂಡು ಟ್ಯಾಕ್ಸಿಯವರ ಸೀಟು ಹೊಲಿಯುವ ಕೆಲಸ ಹಿಡಿದೆ, ಬಾಗಿಲ ಮೇಲೆ ನನ್ನ ಹೆಸರಿನ ಬೋರ್ಡು ಬರೆಸಿದೆ.

ಭಾವ ಬಂದು ಕತ್ತೆತ್ತಿ ಓದಿದರು. "ಹೆಣ್ಣಿನ ಹೆಸರು ಯಾಕ ಬೇಕಿತ್ತು? ನನ್ನ ಹೆಸರು ಹಾಕಿದ್ದರ ಮಾಲಿಗೆ ತೂಕ ಬರ್ತಿತ್ತು."

"ಹಾಕ್ತೀನಿ ಭಾವಾರ. ಕಳಪೆ ಮಾಲು ಮಾಡೂ ದಿನಾ ಒಂದು ಬರಲಿ."

ಉಳಿದಿದ್ದ ಇಬ್ಬರು ಹೆಂಗಸರೂ ಮಷಿನ್ನು ನಿಲ್ಲಿಸಿ ನಕ್ಕರು. ನಾಲ್ವರೂ ಇದ್ದಿದ್ದರೆ ಆ ನಗು ಸ್ಟೇಷನ್ನಿಗೆ ಕೇಳುತ್ತಿತ್ತು.

ಈಗ ನನ್ನದು ಅನ್ನುವುದು ಅಟ್ಟವಿರುವ ಒಂದು ಖೋಲಿ, ಎರಡು ಮಷಿನ್ನು, ಆ ಬೋರ್ಡು. ಅದಕ್ಕೆ ಕೊಟ್ಟದ್ದು ಮುಲುಂಡಿನ ಎರಡೂ ಕಪಾಟು, ಕೂಲಿಗೆ ಹೋದ ಆ ಇಬ್ಬರು ಹೆಂಗಸರ ಒಡನಾಟ, ಸೂಜಿಯಡಿ ಹೋದ ಬಲಗೈ ತೋರುಬೆರಳಿನ ತುದಿ. ಮತ್ತೆ ಮೂಗು, ಅಂಟಿನ ಹೊಗೆ ಅದನ್ನು ತಿಂದು ಎಷ್ಟೋ ವರ್ಷವಾಯಿತು. ಹೊಸ ಚರ್ಮದ ವಾಸನೆ ಹೇಗಿರುತ್ತದೆ ಅಂತ ಈಗಲೂ ಗಿರಾಕಿಗಳನ್ನೇ ಕೇಳುತ್ತೇನೆ. ಅವತ್ತು ಸೇಠ್ ಅಂಗಡಿಯಲ್ಲೂ ನಿಜವಾಗಿಯೇ ಕೇಳಿದ್ದೆ.