ತ್ರ್ಯಂಬಕನ ಧೂಮವಿಜಯವೂ ಅಜ್ಜಿಯ ಸಂಡಿಗೆಯೂ

ಎಲೈ ವಾಗ್ದೇವಿಯೇ, ವೀಣೆಯನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಬಂದು ನನ್ನ ನಾಲಗೆಯ ಮೇಲೆ ಕೂರು! ಮನೆಮನೆಯ ಹಜಾರದಲ್ಲಿ ಟೀವಿಯೆಂಬ ಚಕ್ರವರ್ತಿಯು ಸಿಂಹಾಸನವೇರಿ, ದೇವರ ಗೂಡಿಗಿಂತ ಹೆಚ್ಚಿನ ಭಕ್ತರನ್ನು ಸಂಪಾದಿಸಿದ್ದ ಕಾಲದಲ್ಲಿ, ತುಮಕೂರೆಂಬ ಮಹಾಪಟ್ಟಣದಲ್ಲಿ, ನವೋದಿತಶ್ಮಶ್ರುರೇಖಾವಿಭೂಷಿತನೂ, ಗಣಿತಪರೀಕ್ಷಾಸಮರಭೂಮಿಪಲಾಯಿತನೂ, ಚಲಚ್ಚಿತ್ರನಾಯಕಪದಾಂಕಾನುಗಾಮಿಯೂ ಆದ ತ್ರ್ಯಂಬಕನೆಂಬ ಹದಿನಾರರ ವೀರನಿದ್ದನು. ಅಬ್ಬಬ್ಬಾ, ಬಿರುದು ಹೇಳುವಷ್ಟರಲ್ಲಿ ನನಗೇ ಏದುಸಿರು ಬಂತು!

ರಾಮನವಮಿಗೆ ಬೀದಿಯ ಹುಡುಗರು ಆಡಲಿದ್ದ ನಾಟಕದಲ್ಲಿ ನಾಯಕನ ಪಾತ್ರವೊಂದೇ ಅವನ ಪರಮಗುರಿ. ಹೋದ ವರ್ಷ ಮಾತಿಲ್ಲದ ಪೇದೆಯಾಗಿ ನಿಂತು, ಇಡೀ ಬೀದಿಯ ಬಾಯಲ್ಲಿ ‘ಪೇದೆ’ ಎಂದೇ ಉಳಿದುಹೋಗಿದ್ದ, ಪಾಪ. ಈ ಸಲ ಎದುರುಮನೆಯ ಫಾಲಾಕ್ಷನೂ ಅದೇ ಪಾತ್ರಕ್ಕೆ ತೋಳೇರಿಸಿದ್ದ. ಟೀವಿ ಸಿನಿಮಾದ ನಾಯಕನಂತೆ ಸಿಗರೇಟು ಹಚ್ಚಿ, ಹುಬ್ಬು ಹಾರಿಸಿ, ಹೊಗೆಯೊಳಗಿಂದ ನಡೆದು ಬರಬಲ್ಲವನಿಗೇ ಪಾತ್ರ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು.

ಮಾರ್ತಾಂಡನು ನೆತ್ತಿಗೇರಿದ ಹೊತ್ತಿಗೆ, ತ್ರ್ಯಂಬಕನ ಮನೆಯ ತಾರಸಿಯೇ ಕುರುಕ್ಷೇತ್ರವಾಯಿತು. ಒಂದು ಬದಿಗೆ ಅಜ್ಜಿ ಪುಟ್ಟಗೌರಮ್ಮನವರು ಹಳೆಯ ಪಂಚೆಯ ಮೇಲೆ ಇಟ್ಟಿದ್ದ ಹಸಿ ಸಂಡಿಗೆಗಳು ಸಾಲುಸಾಲಾಗಿ ಸಾಕ್ಷಿ ಕೂತಿದ್ದವು. ಫಾಲಾಕ್ಷನು ಚಿಕ್ಕಪ್ಪನ ಜೇಬಿನಿಂದ ಹಾರಿಸಿ ತಂದ ಏಕೈಕ ಸಿಗರೇಟನ್ನು ದಿವ್ಯಾಸ್ತ್ರದಂತೆ ಮುಂದಿಟ್ಟನು.

“ಎಲವೋ ಕ್ಷುದ್ರನೇ, ಮದೀಯಧೂಮಪಟಲದಲ್ಲಿ ಸೂರ್ಯನೇ ಮುಳುಗುವುದನ್ನು ಕಾಣು!” ಎಂದು ವೀರನು ಗರ್ಜಿಸಿದನೆಂದು ಬರೆಯಲು ನನಗೂ ಆಸೆಯಿದೆ. ಅವನು ಅಂದದ್ದು ಇಷ್ಟು: “ಲೇ ಫಾಲಾಕ್ಷ, ಸುಮ್ನೆ ನಿಂತ್ಕೊಂಡು ನೋಡ್ತಿರು. ನೀನೇ ಚಪ್ಪಾಳೆ ಹೊಡೀತೀಯ.”

“ಹಚ್ಚೋ ಮೊದ್ಲು. ಬಾಯ್ ಬಡಾಯಿ ಆಮೇಲೆ.”

ಆದರೆ ವಿಧಿಯ ಕುಚೋದ್ಯ ನೋಡಿ! ಟೀವಿಯಲ್ಲಿ ನಾಯಕನ ಹುಬ್ಬು ಕಾಣುತ್ತದೆ, ಕ್ರಾಪು ಕಾಣುತ್ತದೆ, ಹೊಗೆಯೂ ಕಾಣುತ್ತದೆ. ಮಕ್ಕಳು ಕೆಡಬಾರದೆಂದು ಸಿಗರೇಟಿನ ಮೇಲೆ ಮಾತ್ರ ಮಸುಕು ಬಳಿದಿರುತ್ತಾರೆ. ಹೀಗಾಗಿ ಯಾವ ತುದಿ ಬಾಯಿಗೆ, ಯಾವ ತುದಿ ಬೆಂಕಿಗೆ ಎಂಬುದೇ ನಮ್ಮ ಧೂಮವಿದ್ಯಾಪಾರಂಗತನಿಗೆ ಗೊತ್ತಿರಲಿಲ್ಲ. ಕಂದು ಬಣ್ಣದ ತುದಿ ಆಗಲೇ ಸುಟ್ಟಂತೆ ಕಂಡಿದ್ದರಿಂದ ಅಲ್ಲಿಗೇ ಕಡ್ಡಿ ಗೀರಿ, ಎಡಹುಬ್ಬನ್ನು ಹಾರಿಸಿ, ದೀರ್ಘವಾಗಿ ಎಳೆದನು.

ಅಯ್ಯಯ್ಯೋ! ಬಾಯಿತುಂಬ ಹೊಗೆಸೊಪ್ಪಿನ ಚೂರು, ಮೂಗಿನ ತುಂಬ ಸುಟ್ಟ ಹತ್ತಿಯ ದುರ್ನಾತ! ಕಣ್ಣುಗುಡ್ಡೆಗಳೆರಡೂ ಕಿತ್ತು ಬರುವಂತೆ ಕೆಮ್ಮಿದ.

“ಉಲ್ಟಾ ಇಟ್ಕೊಂಡಿದೀಯ ಅನ್ಸುತ್ತೆ ಕಣೋ!”

“ಮೊದ್ಲೇ ಬೊಗಳೋಕೇನಾಗಿತ್ತು ನಿಂಗೆ?”

“ನಂಗೆಲ್ಲಿ ಗೊತ್ತೋ? ನಾನೂ ಅದೇ ಟೀವಿನೇ ನೋಡೋದು!”

ಸಿಗರೇಟು ಕೈಜಾರಿ ಸಂಡಿಗೆಯ ಮೇಲೆ ಬಿತ್ತು. ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಅಜ್ಜಿಯ ಹೆಜ್ಜೆ ಸಪ್ಪಳವಾಯಿತು. ಫಾಲಾಕ್ಷ ಪಕ್ಕದ ತಾರಸಿಗೆ ಹಾರಿ ಮಾಯವಾದ.

“ಯಾರಪ್ಪಾ ಅದು, ಹಾಸಿಗೆಗೆ ಬೆಂಕಿ ಇಟ್ಟೋರು?” ಎನ್ನುತ್ತ ಬಂದ ಅಜ್ಜಿ ಎಲ್ಲವನ್ನೂ ಕಂಡರು. ಬೈಯಲಿಲ್ಲ. ಪಕ್ಕದಲ್ಲಿ ಕೂತು ಮೊಮ್ಮಗನ ಬೆನ್ನು ಸವರಿದರು.

“ನಿಮ್ ತಾತನೂ ಹಿಂಗೇ ಸ್ಟೈಲು ಮಾಡೋಕೆ ಹೋಗಿ ಶುರು ಮಾಡಿದ್ದು ಕಣೋ. ಕೊನೆಗೆ ಮಲಗೋಕೂ ಆಗ್ದೆ, ಗೋಡೆಗೊರಗಿ ಕೂತು ಕೆಮ್ಮೋರು. ಬೆನ್ನು ಉಜ್ಜೀ ಉಜ್ಜೀ ನನ್ ಕೈ ಸೋತೋಗೋದು. ಆ ಕೆಮ್ಮನ್ನ ಮಾತ್ರ ನಿಮ್ ಟೀವಿಯೋರು ಯಾವತ್ತೂ ತೋರ್ಸಲ್ಲ, ನೋಡು.”

ತ್ರ್ಯಂಬಕನಿಗೆ ಅಳು ಬಂತು. ಇಲ್ಲಿ ನನಗೂ ಸಂಸ್ಕೃತವೆಲ್ಲ ಮರೆತುಹೋಯಿತು.

ಸಂಜೆಯೊಳಗೆ ಫಾಲಾಕ್ಷ ಬೀದಿಗೆಲ್ಲ ಸುದ್ದಿ ಹಂಚಿದ್ದ; ನಾಯಕನ ಪಾತ್ರ ಅವನಿಗೇ ಹೋಯಿತು. ತ್ರ್ಯಂಬಕ ಮತ್ತೆ ಪೇದೆ. ಈ ವರ್ಷ ಪೇದೆಗೆ ಒಂದು ಕೆಮ್ಮು ಸೇರಿಸಿದರು, ಹುಡುಗರು.

ಹಬ್ಬದೂಟಕ್ಕೆ ಸಂಡಿಗೆ ಕರಿದಾಗ, ನಡುವೆ ಕರೀ ಚುಕ್ಕೆಯಿದ್ದ ಒಂದನ್ನು ಅಜ್ಜಿ ಹುಡುಕಿ ತಂದು ಅವನ ಎಲೆಗೇ ಹಾಕಿದರು.

“ತಿನ್ನಪ್ಪಾ ಹೀರೋ.”

ವೀರನು ಕರೀ ಚುಕ್ಕೆಯನ್ನೂ ಬಿಡದೆ ತಿಂದನು.