ಸಿ.ಡಿ. ಇಲ್ಲದೆ ಬಂದ ಹಳೇ ಲ್ಯಾಪ್‌ಟಾಪ್‌ಗಳು

ಹಳೇ ಲ್ಯಾಪ್‌ಟಾಪ್ ಯಾವತ್ತೂ ಒಂದೇ ತೊಂದರೆ ಇಟ್ಟುಕೊಂಡು ಅಂಗಡಿಗೆ ಬರುವುದಿಲ್ಲ. ಮೆಷಿನ್ನಿನದು ಒಂದಾದರೆ, ತಂದವರದು ಇನ್ನೊಂದು ಇರುತ್ತದೆ. ಎರಡು ಸಾವಿರದ ಇಸವಿ ಕಳೆದ ಮೇಲೆ ತುಮಕೂರಿನ ಬಟವಾಡಿಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅಷ್ಟೂ ವರ್ಷ ಇದು ತಪ್ಪಲಿಲ್ಲ. ಪಕ್ಕದಲ್ಲಿ ಒಂದು ಕ್ಲಿನಿಕ್ಕು. ಅಲ್ಲಿಗೆ ಬಂದವರು ತಮ್ಮ ಟೋಕನ್ ಕೂಗುವ ತನಕ ನನ್ನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಹೊಸ ಗಿರಾಕಿಗಳಂತೂ, ನನ್ನ ಕೈಯಲ್ಲಿ ಬಿಚ್ಚಿದ ಲ್ಯಾಪ್‌ಟಾಪ್ ಇದ್ದರೂ, "ರಿಪೇರಿ ಮಾಡೋರು ಊಟಕ್ಕೆ ಹೋಗವ್ರಾ ಮೇಡಂ?" ಎಂದು ಕೇಳುತ್ತಿದ್ದರು. "ಇಲ್ಲೇ ಇದಾರೆ, ಹೇಳಿ" ಎನ್ನುತ್ತಿದ್ದೆ. ಅವರು ಕಾಯುತ್ತಾ ಕೂರುತ್ತಿದ್ದರು.

ನನಗೆ ಬರುತ್ತಿದ್ದದ್ದು ಹೆಚ್ಚಾಗಿ ಒಂದೇ ಕೆಲಸ. ಕೆಟ್ಟ ಆಪರೇಟಿಂಗ್ ಸಿಸ್ಟಮ್ಮನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕುವುದು. ನಮ್ಮ ಕಡೆ ಇದಕ್ಕೆ 'ಫಾರ್ಮ್ಯಾಟ್ ಹೊಡೆಯೋದು' ಅನ್ನುತ್ತಾರೆ. ಮೆಷಿನ್ ಜೊತೆ ಕಂಪನಿಯವರು ಕೊಟ್ಟ ಸಿ.ಡಿ. ಇದ್ದರೆ ಒಂದೂವರೆ ಗಂಟೆಯ ಕೆಲಸ. ಸಿ.ಡಿ. ಜೊತೆಗೇ ಬಂದ ಲ್ಯಾಪ್‌ಟಾಪ್ ಒಂದೂ ನನಗೆ ನೆನಪಿಲ್ಲ.

೧. ಹೊಲದಲ್ಲಿ ಜೋಪಾನ

ಗುಬ್ಬಿ ಕಡೆಯ ಹೈಸ್ಕೂಲ್ ಮೇಷ್ಟ್ರೊಬ್ಬರು ಲ್ಯಾಪ್‌ಟಾಪ್ ತಂದರು. ಆನ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ ಒಂದು ಸಾಲು ಇಂಗ್ಲಿಷು.

"ಇದರ ಜೊತೆ ಬಂದ ಸಿ.ಡಿ. ಇದೆಯಾ ಸರ್?"

"ಐತೆ. ಮೂರು ಕೊಟ್ಟಿದ್ರು. ಮೂರೂ ಜೋಪಾನವಾಗವೆ."

ಖುಷಿಯಾಗಿ ಕುರ್ಚಿ ಹಾಕಿ ಕೂರಿಸಿದೆ. "ಎಲ್ಲಿವೆ ಸರ್?"

"ಹೊಲದಲ್ಲಿ."

ಅವರ ಸೂರ್ಯಕಾಂತಿಗೆ ಗಿಳಿ ಕಾಟ. ಸಿ.ಡಿ.ಯನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟರೆ ಬಿಸಿಲಿಗೆ ಫಳಫಳ ಹೊಳೆಯುತ್ತದೆ, ಗಿಳಿ ಹತ್ತಿರ ಸುಳಿಯುವುದಿಲ್ಲ. ಮಾರನೆಯ ದಿನ ಮೂರನ್ನೂ ಬಿಚ್ಚಿಕೊಂಡು ಬಂದರು. ದಾರ ಹಾಗೇ ಇತ್ತು. ಸೋಪುನೀರಲ್ಲಿ ತೊಳೆದು, ಒರೆಸಿ, ಒಂದೊಂದಾಗಿ ಹಾಕಿದೆ. ಮೊದಲನೆಯದು ಓದಿತು. ಎರಡನೆಯದು ಮೂವತ್ತೇಳು ಪರ್ಸೆಂಟಿಗೆ ಬಂದು ನಿಂತಿತು. ಮೇಷ್ಟ್ರೂ ನಾನೂ ಸಂಜೆ ತನಕ ಆ ಮೂವತ್ತೇಳನ್ನೇ ನೋಡಿದೆವು.

"ಇದು ಆಗಲ್ಲ ಸರ್. ಬೇರೆ ಕಡೆಯಿಂದ ಸಿ.ಡಿ. ತರಿಸಿ ಹಾಕ್ತೀನಿ" ಅಂದೆ.

ಮೇಷ್ಟ್ರು ಮೂರನ್ನೂ ಎತ್ತಿ ಚೀಲಕ್ಕೆ ಹಾಕಿಕೊಂಡರು. "ಹಂಗಾದ್ರೆ ಇವು ನಂಗೇ ಇರ್ಲಿ ಮೇಡಂ. ಇಲ್ಲಿ ಮೂವತ್ತೇಳು ತಗೊಂಡ್ರೂ ಅಲ್ಲಿ ನೂರಕ್ಕೆ ನೂರು ತಗೋತವೆ."

೨. ಜೆ, ಜಯಮ್ಮ

ಲ್ಯಾಪ್‌ಟಾಪಿನ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತಿದ್ದರು. ಅದರಲ್ಲಿ ಇಪ್ಪತ್ತೈದು ಅಕ್ಷರ, ಅಂಕಿ. ಫಾರ್ಮ್ಯಾಟ್ ಹೊಡೆಯುವಾಗ ಅಷ್ಟನ್ನೂ ಟೈಪ್ ಮಾಡದಿದ್ದರೆ ಮೆಷಿನ್ ಮುಂದಕ್ಕೆ ಹೋಗುವುದಿಲ್ಲ. ಕುಣಿಗಲ್ಲಿನಿಂದ ಹೆಂಗಸೊಬ್ಬರು ಕೊಟ್ಟುಹೋದ ಲ್ಯಾಪ್‌ಟಾಪ್ ತಿರುಗಿಸಿ ನೋಡಿದರೆ ಚೀಟಿ ಇದ್ದ ಜಾಗ ನುಣ್ಣಗಿತ್ತು. ಫೋನ್ ಮಾಡಿದೆ.

"ಅಂಟು ಬುಟ್ಕೊಂಡು ಬರ್ತಿತ್ತು ಮೇಡಂ. ಕಳ್ದೋದಾತು ಅಂತ ಕಿತ್ತು ಬೀರು ಬಾಗ್ಲಿಗೆ ಅಂಟಿಸಿದೀನಿ" ಎಂದರು.

"ಹಾಗಾದ್ರೆ ಬೀರು ಹತ್ರ ನಿಂತ್ಕೊಂಡು ಓದಿ. ಫೋನಲ್ಲಿ ಎಲ್ಲಾ ಒಂದೇ ಥರ ಕೇಳ್ಸುತ್ತೆ, ಒಂದೊಂದು ಅಕ್ಷರಕ್ಕೂ ಒಂದೊಂದು ಹೆಸರು ಹೇಳಿ."

"ಜೆ. ಜಯಮ್ಮ, ನಮ್ಮತ್ತೆ."

ಬರೆದುಕೊಂಡೆ.

"ಎಂ. ಮಂಜ, ನಮ್ಮ ಮೈದುನ. ಹೆಣ್ಣು ನೋಡ್ತಾ ಇದೀವಿ."

ಬರೆದುಕೊಂಡೆ.

"ಕೆ. ಕೆಂಪಮ್ಮ, ನಮ್ಮತ್ತೆ ತಂಗಿ. ಆದ್ರೆ ನಮಗೂ ಅವ್ರಿಗೂ ಮಾತಿಲ್ಲ."

"ಯಾಕೆ?" ಎಂದು ಕೇಳಿದ್ದು ನನ್ನದೇ ತಪ್ಪು. ಕೆಂಪಮ್ಮನ ವಿಚಾರ ಮುಗಿಯಲು ಹದಿನೈದು ನಿಮಿಷ ಬೇಕಾಯಿತು. ಆಮೇಲೆ ನಾನು ಏನೂ ಕೇಳದೆ ಬರೆದೆ. ಅಜ್ಜಿ, ಓರಗಿತ್ತಿ, ನಾದಿನಿಯ ಗಂಡ, ಎಲ್ಲರೂ ಒಬ್ಬೊಬ್ಬರಾಗಿ ಬಂದು ಕಾಗದದ ಮೇಲೆ ಕೂತರು. ಹತ್ತೊಂಬತ್ತನೆಯ ಅಕ್ಷರಕ್ಕೆ ಅವರು ಸುಮ್ಮನಾಗಿಬಿಟ್ಟರು.

"ಏನಾಯ್ತಮ್ಮ?"

"ಎಕ್ಸ್ ಬಂದೈತೆ ಮೇಡಂ. ಎಕ್ಸ್ ಅಂತ ನಮ್ಮ ಕಡೆ ಯಾರೂ ಇಲ್ಲ. ಬುಟ್ಬುಡ್ಲಾ?"

೩. ಡ್ರೈವರ್

ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರ ಮ್ಯಾನೇಜರ್ ಅವರ ಲ್ಯಾಪ್‌ಟಾಪಿಗೆ ಎಲ್ಲಾ ಹಾಕಿ ಮುಗಿಸಿದೆ, ಸೌಂಡ್ ಮಾತ್ರ ಬರಲಿಲ್ಲ. ಸೌಂಡಿಗೆ ಒಂದು ಸಣ್ಣ ಪ್ರೋಗ್ರಾಂ ಬೇರೆಯಾಗಿ ಹಾಕಬೇಕು, ಅದಕ್ಕೆ ಡ್ರೈವರ್ ಎನ್ನುತ್ತಾರೆ. ಅವರಿಗೆ ಫೋನ್ ಮಾಡಿ, "ಡ್ರೈವರ್ ಇಲ್ಲ ಸರ್, ಅದೊಂದು ಸಿಕ್ಕಿದ್ರೆ ಕೆಲಸ ಮುಗೀತು" ಅಂದೆ.

ಅರ್ಧ ಗಂಟೆಗೆ ಬಿಳೀ ಯೂನಿಫಾರಂ ಹಾಕಿದ ಒಬ್ಬರು ಬಂದು ಬಾಗಿಲಲ್ಲಿ ನಿಂತರು. "ಸಾಹೇಬ್ರು ಕಳ್ಸಿದ್ರು. ಡ್ರೈವರ್ ಬೇಕಂತೆ."

ಕೂತ್ಕೊಳ್ಳಿ ಅಂದೆ. ಬಾಯಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು, ಆದರೆ ಅವರು ಅಷ್ಟು ಗಂಭೀರವಾಗಿ ಕೂತಿದ್ದರು. ಇಂಟರ್‌ನೆಟ್‌ನಲ್ಲಿ ಹುಡುಕಿ ಆ ಪ್ರೋಗ್ರಾಂ ಇಳಿಸಿ ಹಾಕಿದೆ. ಟಣ್ ಎಂದು ಸೌಂಡ್ ಬಂತು. ಅವರು ಎದ್ದು ಕಾರಿನ ಕೀ ತೆಗೆದುಕೊಂಡರು.

"ಬರ್ಲಾ ಮೇಡಂ? ಇಷ್ಟಕ್ಕೆ ನಾನೇ ಬರಬೇಕಾಯ್ತು ನೋಡಿ."

೪. ಹನ್ನೆರಡನೇ ಸಂಬಂಧ

ತುಮಕೂರಿನಲ್ಲೇ ವಧು-ವರರ ಮಾಹಿತಿ ಕೇಂದ್ರ ನಡೆಸುತ್ತಿದ್ದ ಹಿರಿಯರೊಬ್ಬರಿದ್ದರು. ನೂರಾರು ಹುಡುಗ ಹುಡುಗಿಯರ ಜಾತಕ ಅವರ ಲ್ಯಾಪ್‌ಟಾಪಿನಲ್ಲಿತ್ತು. ಅದು ಕೆಟ್ಟಾಗ ನಾನು ಜಾತಕಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಫಾರ್ಮ್ಯಾಟ್ ಹೊಡೆದು, ವಾಪಸ್ ಹಾಕಿಕೊಟ್ಟೆ. ಕನ್ನಡ ಫಾಂಟ್ ಹಾಕುವುದನ್ನು ಮಾತ್ರ ಮರೆತೆ. ಆ ಕಾಲಕ್ಕೆ ಫಾಂಟ್ ಇಲ್ಲದಿದ್ದರೆ ಕನ್ನಡದಲ್ಲಿ ಬರೆದದ್ದೆಲ್ಲ ಕಲಸಿದ ಇಂಗ್ಲಿಷ್ ಅಕ್ಷರ, ಚುಕ್ಕಿ, ಡಾಲರ್ ಗುರುತುಗಳಾಗಿ ಕಾಣಿಸುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ಅವರು ಬೆವರುತ್ತಾ ಬಂದರು.

"ಕೆಟ್ಟೆ ಕಣಮ್ಮ. ಗುಬ್ಬಿಯವ್ರು ಬೆಳಗ್ಗೆ ಬಂದು ನಮ್ಮ ತಂಗಿ ಮಗಳ ಜಾತಕ ಕೇಳಿದ್ರು. ಕನ್ನಡಕ ಇರ್ಲಿಲ್ಲ. ಪ್ರಿಂಟ್ ತೆಗ್ದು, ಅರಿಶಿನ ಕುಂಕುಮ ಹಚ್ಚಿ, ಕವರ್‌ಗೆ ಹಾಕಿ ಕೊಟ್ಬಿಟ್ಟೆ. ಆಮೇಲೆ ನೋಡ್ತೀನಿ, ಎಲ್ಲಾ ಇಂಥದ್ದು!" ಎಂದು ಅಂಥದ್ದೇ ಇನ್ನೊಂದು ಪ್ರಿಂಟ್ ಮುಂದೆ ಹಿಡಿದರು.

ಆ ಹುಡುಗಿಯ ಜಾತಕ ಅಷ್ಟರಲ್ಲಾಗಲೇ ಹನ್ನೊಂದು ಕಡೆಯಿಂದ ವಾಪಸ್ ಬಂದಿತ್ತು. ಈ ಗುಬ್ಬಿಯ ಹುಡುಗ ಅವಳನ್ನು ಯಾವುದೋ ಮದುವೆಯಲ್ಲಿ ನೋಡಿ ಒಪ್ಪಿದ್ದ, ಅವಳಿಗೂ ಮನಸ್ಸಿತ್ತು. ಈಗ ನನ್ನಿಂದ ಇದೂ ತಪ್ಪಿಹೋದರೆ? ತಕ್ಷಣ ಫಾಂಟ್ ಹಾಕಿದೆ, ಕನ್ನಡದಲ್ಲಿ ಪ್ರಿಂಟ್ ತೆಗೆದುಕೊಟ್ಟೆ. ಅವರು ಅದನ್ನು ಚೀಲದಲ್ಲಿಟ್ಟುಕೊಂಡು ಗುಬ್ಬಿ ಬಸ್ಸಿಗೆ ಓಡಿದರು. ಆವತ್ತು ನನಗೆ ಊಟ ಸೇರಲಿಲ್ಲ.

ಮಾರನೆಯ ದಿನ ನಿಧಾನವಾಗಿ ಬಂದು ಬೆಂಚಿನ ಮೇಲೆ ಕೂತರು.

"ಕೊಟ್ರಾ?"

"ಇಲ್ಲ. ನಾನು ಹೋಗೋ ಹೊತ್ತಿಗೆ ಅವ್ರ ಜೋಯಿಸ್ರು ಆ ಹಾಳೇನ ನೋಡಿ ಮುಗಿಸಿದ್ರು."

"ಏನಂದ್ರು?"

"ಮೂವತ್ತಾರಕ್ಕೆ ಇಪ್ಪತ್ತೆಂಟು ಗುಣ ಕೂಡಿದೆಯಂತೆ. ಸ್ವಲ್ಪ ಕುಜದೋಷ ಇದೆಯಂತೆ, ಅದಕ್ಕೊಂದು ಶಾಂತಿ ಮಾಡಿಸಿದ್ರೆ ಸರಿಹೋಗುತ್ತಂತೆ."

ಸರಿಯಾದ ಜಾತಕ ಅವರ ಚೀಲದಲ್ಲೇ ಉಳಿಯಿತು. ಶಾಂತಿ ಆಯಿತು, ಮದುವೆ ಆಯಿತು. ನಾನೂ ಹೋಗಿ ಊಟ ಮಾಡಿ ಬಂದೆ. ಗಂಡ ಹೆಂಡತಿ ಚೆನ್ನಾಗಿದ್ದಾರೆಂದು ಆಮೇಲೆ ಕೇಳಿದೆ.

ಎರಡು ತಿಂಗಳಿಗೆ ಅದೇ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಹಿರಿಯರು ಮತ್ತೆ ಬಂದರು. ಆನ್ ಮಾಡಿ ನೋಡಿದೆ. ಎಲ್ಲಾ ಸರಿಯಾಗಿತ್ತು. ಅಕ್ಷರ ಒಂದೊಂದೂ ಅಚ್ಚ ಕನ್ನಡದಲ್ಲಿ ಕಾಣಿಸುತ್ತಿತ್ತು.

"ಏನೂ ಕೆಟ್ಟಿಲ್ವಲ್ಲ ಸರ್?"

ಅವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಕೆಟ್ಟಿಲ್ಲಮ್ಮ. ಆ ಕನ್ನಡ ತೆಗ್ದು ಆವತ್ತಿನಂಗೇ ಮಾಡ್ಕೊಡು. ಕನ್ನಡದಲ್ಲಿದ್ರೆ ಒಂದೂ ಕೂಡಿ ಬರ್ತಿಲ್ಲ."