ಸದರಿ ಎಂಬ ಹನ್ನೊಂದು

ಅಂಕಿ ಎಂದರೆ ನನಗೆ ಈಗಲೂ ದಿಗಿಲು. ಡಾಕ್ಟರು ಬಿ.ಪಿ. ನೋಡಿ "ನೂರ ನಲವತ್ತು" ಎಂದರೆ, ಗುರಿ ಎಷ್ಟಿತ್ತು, ಸಾಧನೆ ಎಷ್ಟಾಯಿತು, ವ್ಯತ್ಯಾಸಕ್ಕೆ ಕಾರಣವೇನು ಎಂದು ಬರೆದುಕೊಡಬೇಕೇನೋ ಅನ್ನಿಸಿ ಬೆವರುತ್ತೇನೆ. ಬೆವರಿದ್ದಕ್ಕೆ ಬಿ.ಪಿ. ಇನ್ನಷ್ಟು ಏರುತ್ತದೆ. ಇದು ಹುಟ್ಟುಗುಣವಲ್ಲ, ಎಂಬತ್ತರ ದಶಕದಲ್ಲಿ ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ ಅಂಟಿಸಿಕೊಂಡದ್ದು. ಅಲ್ಲಿ ನಾನು ಪ್ರಗತಿ ಸಹಾಯಕ. ಹುದ್ದೆಯ ಹೆಸರು ಕೇಳಿ ನನ್ನ ಹೆಂಡತಿ, "ಪ್ರಗತಿಗೆ ನೀವು ಸಹಾಯ ಮಾಡ್ತೀರಾ? ಬಿಂದಿಗೆ ಇಳಿಸೋಕೆ ಕರೆದ್ರೆ ಬರಲ್ಲ" ಎಂದು ನಕ್ಕಿದ್ದಳು. ನಗುವುದಕ್ಕೇನು, ನೌಕರಿ ಇನ್ನೂ ಖಾಯಂ ಆಗಿರಲಿಲ್ಲ, ಅವಳಿಗೆ ಏಳು ತಿಂಗಳು ತುಂಬಿತ್ತು. ಖಾಯಂ ಮಾಡುವ ಫೈಲು ತುಮಕೂರಿನ ಸಾಹೇಬರ ಮೇಜಿನ ಮೇಲೆ ಮಲಗಿತ್ತು.

ಹಳ್ಳಿಗಳಲ್ಲಿ ಬಚ್ಚಲು ನೀರು ಇಂಗಲು ಎಷ್ಟು ಗುಂಡಿ ತೋಡಿದರೆಂದು ತಿಂಗಳು ತಿಂಗಳು ತುಮಕೂರಿಗೆ ಪಟ್ಟಿ ಕಳಿಸುವುದು ನನ್ನ ಕೆಲಸ. ಆ ತಿಂಗಳು ಇಡೀ ತಾಲ್ಲೂಕಿನಲ್ಲಿ ಸಿ.ಎಸ್. ಪುರದ ಕಡೆಯ ಒಂಬತ್ತು ಹಳ್ಳಿಗಳಲ್ಲಿ ಮಾತ್ರ, ಅದೂ ಎರಡೆರಡೇ ಗುಂಡಿ ಆಗಿದ್ದವು. ಮೊದಲ ಹಳ್ಳಿಯ ಮುಂದೆ 2 ಎಂದು ಬರೆದು, ಉಳಿದ ಎಂಟಕ್ಕೂ 'ಸದರಿ' ಎನ್ನಬೇಕಿತ್ತು, ಅಂದರೆ ಮೇಲಿನಷ್ಟೇ ಎಂದು. ನಾನು ಸೋಮಾರಿ. ಸದರಿ ಬದಲು ನೆಟ್ಟಗೆ ಎರಡೆರಡು ಗೀಟು ಎಳೆದು, ಒಟ್ಟು 18 ಎಂದು ಬರೆದು ಟೈಪಿಗೆ ಕೊಟ್ಟು, ಕಾಫಿಗೆ ಹೋದೆ.

ನಾಲ್ಕು ದಿನದ ಮೇಲೆ ಟೈಪಿಸ್ಟ್ ಬಷೀರ್ ಸಾಹೇಬರು ನನ್ನ ಕಿವಿಯ ಹತ್ತಿರ ಬಗ್ಗಿ, "ಪಟ್ಟೀಲಿ ನಿಮ್ಮ ಕೂಡಿಕೆ ತಪ್ಪಿತ್ತು ಸಾರ್. ಎಂಟು ಹನ್ನೊಂದಲ ಎಂಬತ್ತೆಂಟು, ಮೇಲೊಂದ್ ಎರಡು, ತೊಂಬತ್ತಾಗುತ್ತೆ. ನೀವು ಹದಿನೆಂಟು ಅಂತ ಬರ್ದಿದ್ರಿ. ನಾನೇ ಸರಿ ಮಾಡಿ ಕಳಿಸ್ದೆ. ಯಾರ್ಗೂ ಹೇಳಲ್ಲ ಬಿಡಿ" ಎಂದರು. ಅಯ್ಯೋ ದೇವರೇ! ನನ್ನ ಜೋಡಿ ಗೀಟುಗಳು ಅವರ ಕಣ್ಣಿಗೆ 11 ಆಗಿದ್ದವು. ನಮ್ಮ ಆಫೀಸರು ಓದದೆ ಸಹಿ ಹಾಕಿದ್ದರು, ಅವರು ಓದಿ ಸಹಿ ಹಾಕಿದ್ದನ್ನು ನಾನಂತೂ ನೋಡಿಲ್ಲ.

"ಬಷೀರ್ ಸಾಹೇಬ್ರೇ, ಯಾರಾದ್ರೂ ಗುಂಡಿ ನೋಡೋಕೆ ಬಂದ್ರೆ?"

"ಯಾರ್ ಬರ್ತಾರೆ ಸಾರ್? ಅವರು ಪಟ್ಟಿ ನೋಡ್ತಾರೆ. ಗುಂಡಿ ನೋಡೋದು ಹಂದಿ."

ಆದರೂ ಊಟ ಸೇರಲಿಲ್ಲ. ಅಷ್ಟರಲ್ಲಿ ತುಮಕೂರಿನಿಂದ ಕಾಗದ ಬಂತು: ತೊಂಬತ್ತು ಶ್ಲಾಘನೀಯ, ಮುಂದಿನ ತಿಂಗಳ ಗುರಿ ನೂರು, ಸಾಧಿಸಿದ ಬಗೆಯನ್ನು ಸಭೆಯಲ್ಲಿ ಪ್ರಗತಿ ಸಹಾಯಕರೇ ವಿವರಿಸತಕ್ಕದ್ದು. ತಪ್ಪೊಪ್ಪಿಗೆಯ ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ನಿಜ ಹೇಳಿಬಿಡುವುದೆಂದೇ ಹೊರಟಿದ್ದೆ, ನಂಬಿ.

ಸಭೆಗೆ ಮುಂಚೆ ತುಮಕೂರಿನ ಕಚೇರಿಯ ಜಗುಲಿಯಲ್ಲಿ ಕುಣಿಗಲ್ಲಿನ ಪ್ರಗತಿ ಸಹಾಯಕರು ಸಿಕ್ಕರು. ನನಗಿಂತ ಹತ್ತು ವರ್ಷ ಹಿರಿಯರು, ಸಣಕಲು ಮನುಷ್ಯ. "ಗುಬ್ಬಿಯೋರು ನೀವೇನಾ? ಹೋದ್ವಾರ ನಿಮ್ ತೊಂಬತ್ತು ತೋರ್ಸಿ ಸಾಹೇಬ್ರು ನಮಗೆ ಉಗಿದ್ಬುಟ್ರು ಸ್ವಾಮಿ. ಜನ ತೋಡಲ್ಲ ಅಂದ್ರು. ಭಾನುವಾರ ನಾನೇ ಹಾರೆ ಹಿಡ್ದೆ" ಎಂದು ಅಂಗೈ ಚಾಚಿದರು. ಎರಡರಲ್ಲೂ ಬೊಬ್ಬೆ. ಜೇಬಿನ ಪತ್ರವನ್ನು ಮುಟ್ಟಿ ನೋಡಿಕೊಂಡೆ.

ಒಳಗೆ ಸಾಹೇಬರು, "ಕುಣಿಗಲ್‌ನೋರು ಎಷ್ಟ್ರೀ?" ಎಂದರು.

"ಇಪ್ಪತ್ತಾರು ಸಾರ್."

"ನಾಚಿಕೆ ಆಗಲ್ವೇನ್ರೀ? ಗುಬ್ಬಿ ನೋಡಿ ಕಲೀರಿ. ಏಳ್ರೀ ಗುಬ್ಬಿ, ಹೇಗೆ ಮಾಡಿದ್ರಿ ಹೇಳ್ರೀ."

ಎದ್ದು ನಿಂತೆ. ಜೇಬಿಗೆ ಕೈ ಹಾಕಿದೆ. ಸಾಹೇಬರ ಮೇಜಿನ ಮೇಲೆ ನನ್ನನ್ನು ಖಾಯಂ ಮಾಡುವ ಫೈಲು ಕಂಡಿತು, ಮೇಲೆ ನನ್ನದೇ ಹೆಸರು. ಪತ್ರದ ಬದಲು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ. "ಶ್ರದ್ಧೆ ಇದ್ರೆ ಆಗುತ್ತೆ ಸಾರ್. ಜನರ ಜೊತೆ ಬೆರೀಬೇಕು" ಎಂದೆ. ಸಾಹೇಬರು ಅಲ್ಲೇ ಫೈಲು ಬಿಚ್ಚಿ ಸಹಿ ಹಾಕಿದರು.

ಪಕ್ಕದಲ್ಲಿ ಕುಣಿಗಲ್ಲಿನವರು ನೋಟ್‌ಬುಕ್ ಬಿಡಿಸಿ, ಬೊಬ್ಬೆಯ ಕೈಯಲ್ಲಿ ಪೆನ್ನು ಹಿಡಿಯಲಾರದೆ ಹಿಡಿದು ಬರೆದುಕೊಳ್ಳುತ್ತಿದ್ದರು. "ಶ್ರದ್ಧೆ ಆದ್ಮೇಲೆ ಏನಂದ್ರಿ ಸ್ವಾಮಿ? ಇನ್ನೊಂದ್ಸಲ ಹೇಳಿ" ಎಂದು ಪಿಸುಗುಟ್ಟಿದರು.

ಹೇಳಿದೆ. ಅವರು ಬರೆದುಕೊಳ್ಳಲಿ ಎಂದು ನಿಧಾನವಾಗಿಯೇ ಹೇಳಿದೆ.